ಆಟದ ನಡುವೆ ಕತ್ತಲಾಗುವ ಪರದೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಗ್ರಾಫಿಕ್ಸ್ ಕಾರ್ಡ್ ವಾಪಸ್ ತಂದವರು ಹೆಚ್ಚಾಗಿ ಕೇಳುವ ಉತ್ತರ ಒಂದೇ: ‘ಚೆಕ್ ಮಾಡಿದ್ವಿ, ಕಾರ್ಡ್ ಸರಿಯಾಗೇ ಇದೆ.’ ಹಾಗೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ತಂದವರ ದೂರೂ ಸುಳ್ಳಲ್ಲ. ಅಂಗಡಿಯ ಮೇಜಿನ ಮೇಲೆ ಅರ್ಧ ಗಂಟೆ ತಕರಾರಿಲ್ಲದೆ ಓಡಿದ ಅದೇ ಕಾರ್ಡು ಮನೆಗೆ ಬಂದು, ಆಟ ಶುರುವಾಗಿ, ಸ್ವಲ್ಪ ಹೊತ್ತು ಕಳೆದ ಮೇಲೆ ಪರದೆಯನ್ನು ಕಪ್ಪಾಗಿಸುತ್ತದೆ. ಮಾನಿಟರ್ ‘ನೋ ಸಿಗ್ನಲ್’ ಎಂದು ತೋರಿಸಿ ತಾನೂ ಆರಿಹೋಗುತ್ತದೆ. ಬ್ರೌಸರ್ ತೆರೆದರೆ, ಸಿನಿಮಾ ಹಾಕಿದರೆ ಏನೂ ಆಗುವುದಿಲ್ಲ. ಆಟಕ್ಕೆ ಕೂತರೆ ಮಾತ್ರ ಕತ್ತಲು.

ಮೂವತ್ತು, ನಲವತ್ತು ಸಾವಿರ ರೂಪಾಯಿ ಕೊಟ್ಟು ತಂದ ವಸ್ತು ಅದು. ಮನೆಯವರನ್ನು ತಿಂಗಳುಗಟ್ಟಲೆ ಒಪ್ಪಿಸಿಯೋ, ಮೊದಲ ಕೆಲಸದ ಸಂಬಳ ಕೂಡಿಟ್ಟೋ, ಇಎಂಐ ಕಟ್ಟಿಯೋ ತಂದದ್ದು. ಆಟವೆಂದರೆ ಹೊತ್ತು ಕಳೆಯುವ ಚಾಳಿ ಎಂದುಕೊಂಡವರಿಗೆ ಇದು ದೊಡ್ಡ ವಿಷಯವಾಗಿ ತೋರದು. ನನಗೆ ತೋರುತ್ತದೆ. ಬೆಳಿಗ್ಗೆ ವಿಡಿಯೊ ಎಡಿಟಿಂಗನ್ನೋ ತ್ರೀಡಿ ಮಾಡೆಲಿಂಗನ್ನೋ ಕಲಿಯುವ ಹುಡುಗ ಹುಡುಗಿಯರು ರಾತ್ರಿ ಆಡುವುದೂ ಇದೇ ಕಾರ್ಡಿನಲ್ಲಿ. ಅಂಗಡಿಗೂ ಮನೆಗೂ ನಾಲ್ಕು ಸಲ ಅಲೆದು, ತಮ್ಮ ಮಾತನ್ನು ಯಾರೂ ನಂಬುತ್ತಿಲ್ಲವಲ್ಲ ಎಂದು ಅವರು ಕುಗ್ಗಬಾರದು. ಅವರ ದೂರಿನ ಹಿಂದೆ ಖಚಿತವಾದ ಕಾರಣವಿರುತ್ತದೆ. ಅದನ್ನು ಹುಡುಕುವ ಕ್ರಮವೂ ಇದೆ.

ಅಂಗಡಿಯಲ್ಲಿ ಸರಿಯಿದ್ದದ್ದು ಮನೆಯಲ್ಲಿ ಏಕೆ ಕೆಡುತ್ತದೆ ಎಂಬಲ್ಲಿಂದ ಶುರು ಮಾಡಬೇಕು. ಕಾರ್ಡು ಪರೀಕ್ಷಿಸಲು ಅಂಗಡಿಯವರು ಸಾಮಾನ್ಯವಾಗಿ ಓಡಿಸುವುದು ಫರ್‌ಮಾರ್ಕ್‌ನಂಥ ತಂತ್ರಾಂಶ. ತುಪ್ಪಳ ಹೊದ್ದ ಉಂಗುರವೊಂದು ಪರದೆಯ ಮೇಲೆ ತಿರುಗುತ್ತಿರುತ್ತದೆ, ಅದನ್ನು ಚಿತ್ರಿಸಲು ಕಾರ್ಡು ಮೈಮುರಿದು ದುಡಿಯುತ್ತಿರುತ್ತದೆ. ಕಾರ್ಡನ್ನು ಕಾಯಿಸಿ, ಅದರ ಫ್ಯಾನು ಮತ್ತು ಹೀಟ್‌ಸಿಂಕ್ ನೆಟ್ಟಗಿವೆಯೇ ಎಂದು ನೋಡಲು ಇದು ಒಳ್ಳೆಯ ಪರೀಕ್ಷೆ. ಆದರೆ ಆ ಹೊರೆ ಏರದೆ ಇಳಿಯದೆ ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಹೊರೆ ಅಷ್ಟು ಭಾರವಾದಾಗ ಕಾರ್ಡು ತನಗೆ ನಿಗದಿಯಾದ ವ್ಯಾಟ್ ಮಿತಿಯನ್ನು ಮುಟ್ಟಿ, ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಅಂದರೆ ಅದರ ಅತಿ ಹೆಚ್ಚಿನ ವೇಗ ಆ ಪರೀಕ್ಷೆಯಲ್ಲಿ ಬರುವುದೇ ಇಲ್ಲ. ಆಟದಲ್ಲಿ ಬರುತ್ತದೆ. ಇಕ್ಕಟ್ಟಿನ ಕೋಣೆಯೊಂದರಲ್ಲಿ ಕೆಲಸ ಹಗುರವಾಗಿ ಕಾರ್ಡು ಗರಿಷ್ಠ ವೇಗಕ್ಕೆ ಏರಿರುವಾಗ ಬಾಗಿಲು ತೆರೆದು ಬಯಲು ಕಾಣಿಸುತ್ತದೆ, ಸ್ಫೋಟವೊಂದು ಪರದೆ ತುಂಬುತ್ತದೆ. ಆ ಕ್ಷಣ ವಿದ್ಯುತ್ತಿನ ಬೇಡಿಕೆ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಜಿಗಿಯುತ್ತದೆ. ಡಬ್ಬಿಯ ಮೇಲೆ ಬರೆದ ವ್ಯಾಟ್ ಸಂಖ್ಯೆ ಸರಾಸರಿಯದು, ಈ ಜಿಗಿತದ್ದಲ್ಲ. ಹೊಸ ಕಾರ್ಡಿನ ಕತ್ತಲು ಬಹಳ ಸಲ ಹುಟ್ಟುವುದು ಈ ಏರಿಳಿತದಲ್ಲಿ, ಅದೂ ಕಾರ್ಡು ಉಳಿದ ಭಾಗಗಳನ್ನು ಕೂಡುವ ಜಾಗಗಳಲ್ಲಿ.

ಇದು ತಯಾರಕರನ್ನೂ ಕಾಡಿದ ಸಂಗತಿ. 2020ರ ಸೆಪ್ಟೆಂಬರ್ 17ರಂದು ಎನ್‌ವಿಡಿಯಾದ ಆರ್‌ಟಿಎಕ್ಸ್ 3080 ಮಾರುಕಟ್ಟೆಗೆ ಬಂತು. ಕೆಲವೇ ದಿನಗಳಲ್ಲಿ ಹಲವು ದೇಶಗಳಿಂದ ಒಂದೇ ಬಗೆಯ ದೂರು: ಆಟ ಅರ್ಧಕ್ಕೇ ನಿಂತುಹೋಗುತ್ತಿದೆ. ವೇಗ 2 ಗಿಗಾಹರ್ಟ್ಸ್ ದಾಟುವಾಗ ಹೀಗಾಗುವುದು ಹೆಚ್ಚು ಎಂದು ಬಳಕೆದಾರರೇ ಗುರುತಿಸಿದರು. ಚಿಪ್ಪಿನ ಹಿಂಬದಿಯಲ್ಲಿ ಬೆಸೆದಿರುವ ಪುಟ್ಟ ಕೆಪಾಸಿಟರ್‌ಗಳ ಬಗೆ ಯಾವುದಿರಬೇಕು ಎಂಬ ಚರ್ಚೆ ಜೋರಾಯಿತು. ದಿಢೀರ್ ಬೇಡಿಕೆ ಬಂದಾಗ ಚಿಪ್ಪಿಗೆ ಸಿಗುವ ವೋಲ್ಟೇಜ್ ಅಲುಗಾಡದಂತೆ ಹಿಡಿಯುವುದು ಅವುಗಳ ಕೆಲಸ. ಅದೇ ತಿಂಗಳ 28ರಂದು ಬಂದ 456.55 ಸಂಖ್ಯೆಯ ಡ್ರೈವರ್ ಬಹುಪಾಲು ಜನರ ತೊಂದರೆ ಬಗೆಹರಿಸಿತು. ಅದಕ್ಕಾಗಿ ಕಾರ್ಡನ್ನು ಬಿಚ್ಚಿ ಕೆಪಾಸಿಟರ್ ಬದಲಿಸಬೇಕಾಗಲಿಲ್ಲ. ವೇಗವೂ ವೋಲ್ಟೇಜೂ ಏರಿಳಿಯುವ ರೀತಿಯನ್ನು ತಂತ್ರಾಂಶ ತಿದ್ದಿತು, ಅಷ್ಟೇ. ಆದರೆ ಆ ಪೀಳಿಗೆಯ ದೊಡ್ಡ ಕಾರ್ಡುಗಳ ಕ್ಷಣಿಕ ಜಿಗಿತ ಎಷ್ಟಿತ್ತೆಂದರೆ, ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ, ಲೆಕ್ಕದ ಪ್ರಕಾರ ಸಾಕಾಗಬೇಕಿದ್ದ ಎಸ್‌ಎಂಪಿಎಸ್‌ಗಳೂ ಅದನ್ನು ಶಾರ್ಟ್ ಸರ್ಕ್ಯೂಟ್ ಎಂದೇ ಬಗೆದು ತಮ್ಮನ್ನು ತಾವು ಆರಿಸಿಕೊಳ್ಳುತ್ತಿದ್ದವು. 2022ರಲ್ಲಿ ಬಂದ ಎಟಿಎಕ್ಸ್ 3.0 ಮಾನದಂಡ ಇದಕ್ಕೆ ಉತ್ತರ ಕೊಟ್ಟಿತು. ಅದರಂತೆ ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ 200 ಪ್ರತಿಶತದಷ್ಟು ಬೇಡಿಕೆಯನ್ನು 100 ಮೈಕ್ರೊಸೆಕೆಂಡ್ ಕಾಲ ಆರದೆ ತಡೆದುಕೊಳ್ಳಬೇಕು.

ಇದಕ್ಕೂ ಹಿಂದೆ, 2016ರ ಜೂನ್‌ನಲ್ಲಿ ಎಎಂಡಿಯ ಆರ್‌ಎಕ್ಸ್ 480 ಬಂದಾಗ ತಕರಾರು ಬೇರೆ ಕಡೆ ಇತ್ತು. ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕಾರ್ಡಿಗೆ ಕೊಡಬಹುದಾದದ್ದು 75 ವ್ಯಾಟ್. ಆರು ಪಿನ್ನಿನ ಕೇಬಲಿನಿಂದ ಇನ್ನು 75, ಎಂಟು ಪಿನ್ನಿನದಾದರೆ 150. ಆರ್‌ಎಕ್ಸ್ 480ಕ್ಕೆ ಇದ್ದದ್ದು ಒಂದೇ ಒಂದು ಆರು ಪಿನ್ನಿನ ಕೇಬಲ್. ಅದು ಸ್ಲಾಟಿನಿಂದ ಮಿತಿ ಮೀರಿ ವಿದ್ಯುತ್ ಎಳೆಯುತ್ತಿದೆ ಎಂದು ವಿಮರ್ಶಕರು ಅಳೆದು ತೋರಿಸಿದರು. ಎಎಂಡಿ ಮುಂದಿನ ತಿಂಗಳೇ 16.7.1 ಡ್ರೈವರ್ ಬಿಡುಗಡೆ ಮಾಡಿ ಹಂಚಿಕೆಯನ್ನು ಸರಿಪಡಿಸಿತು. ಕಂಪನಿಯೊಂದು ತಪ್ಪನ್ನು ಹೀಗೆ ಬೇಗ ತಿದ್ದಿಕೊಂಡದ್ದು ಮೆಚ್ಚತಕ್ಕ ವಿಷಯ. ಅದಕ್ಕಿಂತ ಮುಖ್ಯ, ಅಳೆದು ತೋರಿಸಿದವರು ಇದ್ದದ್ದು.

ನಮ್ಮ ಊರುಗಳ ಮನೆಗೆ ಬರೋಣ. ಅಸೆಂಬಲ್ ಮಾಡಿಸಿದ ಕಂಪ್ಯೂಟರಿನಲ್ಲಿ ಹಣ ಉಳಿಸಲು ಮೊದಲು ಕತ್ತರಿ ಬೀಳುವುದು ಎಸ್‌ಎಂಪಿಎಸ್ ಮೇಲೆ. ಪ್ರೊಸೆಸರ್ ಹೆಸರು ಹೇಳಿಕೊಳ್ಳಬಹುದು, ಕಾರ್ಡಿನ ಹೆಸರು ಹೇಳಿಕೊಳ್ಳಬಹುದು. ಕ್ಯಾಬಿನೆಟ್ಟಿನ ಮೂಲೆಯ ಆ ಲೋಹದ ಪೆಟ್ಟಿಗೆಯ ಹೆಸರನ್ನು ಯಾರೂ ಕೇಳುವುದಿಲ್ಲ. ಕ್ಯಾಬಿನೆಟ್ಟಿನೊಂದಿಗೇ ಬಂದ ಹಳೆಯ ಎಸ್‌ಎಂಪಿಎಸ್‌ಗೆ ಹೊಸ ಕಾರ್ಡು ಹಚ್ಚಿದ ಮನೆಗಳೇ ಹೆಚ್ಚು. ಅದರ ಚೀಟಿಯಲ್ಲಿ 450 ವ್ಯಾಟ್ ಎಂದಿದ್ದರೂ, ಕಾರ್ಡಿಗೆ ಬೇಕಾದ 12 ವೋಲ್ಟಿನ ಸಾಲಿನಲ್ಲಿ ಎಷ್ಟಿದೆ ಎಂಬುದನ್ನು ಅದೇ ಚೀಟಿಯ ಕೆಳಸಾಲಿನಲ್ಲಿ ಬೇರೆಯಾಗಿ ಓದಬೇಕು. ಇನ್ನೊಂದು, ಕಾರ್ಡಿಗೆ ಎರಡು ಎಂಟು ಪಿನ್ನಿನ ಸಾಕೆಟ್ ಇದ್ದಾಗ ಒಂದೇ ಕೇಬಲಿನ ಎರಡು ತುದಿಗಳನ್ನು ಎರಡಕ್ಕೂ ಸಿಕ್ಕಿಸುವುದು. ಒಂದೇ ಪೈಪಿನಿಂದ ಎರಡು ಗದ್ದೆಗೆ ನೀರು ಬಿಟ್ಟಂತೆ ಅದು. ಹಗುರ ಕೆಲಸಕ್ಕೆ ಗೊತ್ತಾಗದು, ಜೋರು ಬೇಡಿಕೆಗೆ ತುದಿಯಲ್ಲಿ ವೋಲ್ಟೇಜ್ ಬಿದ್ದುಹೋಗುತ್ತದೆ. ಎಸ್‌ಎಂಪಿಎಸ್‌ನಲ್ಲಿ ಇನ್ನೊಂದು ಕೇಬಲ್ ಇದ್ದರೆ ಎರಡು ಸಾಕೆಟ್ಟಿಗೂ ಬೇರೆ ಬೇರೆ ಕೇಬಲ್ ಹಾಕಬೇಕು. ಐದು ನಿಮಿಷದ ಕೆಲಸ, ಕಾಸು ಖರ್ಚಿಲ್ಲ. ಈ ತೊಂದರೆ ಇರುವವರಿಗೆ ನಾನು ಮೊದಲು ಕೇಳುವ ಪ್ರಶ್ನೆಯೂ ಇದೇ.

ಎರಡನೆಯ ಪ್ರಶ್ನೆ ಯುಪಿಎಸ್‌ನದು. ಮನೆಗಳಲ್ಲಿ ಇರುವ 600 ವಿಎ ಯುಪಿಎಸ್ ನಿಜಕ್ಕೂ ಹೊರುವುದು ಸಾಮಾನ್ಯವಾಗಿ 360 ವ್ಯಾಟ್. ಹೊಸ ಕಾರ್ಡಿಗೆ ಇನ್ನೂರು, ಪ್ರೊಸೆಸರಿಗೆ ನೂರರ ಮೇಲೆ, ಜೊತೆಗೆ ಮಾನಿಟರ್, ಫ್ಯಾನುಗಳು, ಸ್ಪೀಕರು: ಲೆಕ್ಕ ಅಲ್ಲಿಗೇ ಮುಗಿಯಿತು. ಕರೆಂಟು ಸರಿಯಿರುವವರೆಗೆ ಯುಪಿಎಸ್ ಅದನ್ನು ಹಾಗೇ ದಾಟಿಸುತ್ತಿರುತ್ತದೆ. ಸಂಜೆ ಬೀದಿಯಲ್ಲೆಲ್ಲ ದೀಪ ಹತ್ತಿ, ಪಕ್ಕದ ಮನೆಯ ಮೋಟರ್ ಚಾಲೂ ಆಗಿ ವೋಲ್ಟೇಜ್ ಕುಸಿದಾಗ ಅದು ಬ್ಯಾಟರಿಗೆ ಹಾರುತ್ತದೆ, ಹೊರೆ ತಾಳದೆ ಕೈಬಿಡುತ್ತದೆ. ‘ಸಂಜೆ ಆಡಿದರೆ ಮಾತ್ರ ಹೀಗಾಗುತ್ತೆ ಸರ್’ ಎನ್ನುವವರ ಮಾತಿನಲ್ಲಿ ಅರ್ಧ ಉತ್ತರ ಇದ್ದೇ ಇದೆ. ಅಂಗಡಿಯ ಮೇಜಿಗೆ ನಿಮ್ಮ ಮನೆಯ ಯುಪಿಎಸ್ ಹೋಗುವುದಿಲ್ಲ, ಸಂಜೆಯ ವೋಲ್ಟೇಜೂ ಹೋಗುವುದಿಲ್ಲ. ಒಂದು ದಿನ ಕಂಪ್ಯೂಟರನ್ನು ಅರ್ಥಿಂಗ್ ಸರಿಯಿರುವ ಗೋಡೆಯ ಸಾಕೆಟ್ಟಿಗೆ ನೇರವಾಗಿ ಹಚ್ಚಿ ಆಡಿ ನೋಡಿದರೆ ಈ ಶಂಕೆ ತೀರುತ್ತದೆ.

ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಪರದೆ ಕಪ್ಪಾದ ಕೂಡಲೇ ಪವರ್ ಬಟನ್ ಒತ್ತಿಹಿಡಿಯುವ ಅಭ್ಯಾಸ ಎಲ್ಲರದು. ಕೈ ತಡೆದು ಅರ್ಧ ನಿಮಿಷ ಕಿವಿಗೊಡಿ.

ಆಟದ ಸದ್ದು ಮುಂದುವರಿದಿದೆಯೇ? ಕಾಲ್‌ನಲ್ಲಿರುವ ಗೆಳೆಯರಿಗೆ ನಿಮ್ಮ ಮಾತು ಕೇಳಿಸುತ್ತಿದೆಯೇ? ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಹತ್ತಿ ಆರುತ್ತಿದೆಯೇ? ಹಾಗಿದ್ದರೆ ಒಳಗೆ ಕಂಪ್ಯೂಟರ್ ಚೆನ್ನಾಗಿಯೇ ನಡೆಯುತ್ತಿದೆ. ಚಿತ್ರ ಮಾನಿಟರಿಗೆ ಬರುವ ದಾರಿ ಮಾತ್ರ ಕಡಿದಿದೆ. ಕೇಬಲನ್ನೂ ಪೋರ್ಟನ್ನೂ ಮಾನಿಟರನ್ನೂ ಶಂಕಿಸಬೇಕು. ಸದ್ದು ತೊದಲಿ, ಕೆಲವು ಸೆಕೆಂಡಿನಲ್ಲಿ ಚಿತ್ರ ತಾನಾಗಿ ಮರಳಿದರೆ ಅದು ವಿಂಡೋಸ್‌ನ ಕೆಲಸ. ವಿಸ್ಟಾ ಕಾಲದಿಂದಲೂ ಅದರಲ್ಲೊಂದು ಕಾವಲು ಇದೆ: ಕೊಟ್ಟ ಕೆಲಸಕ್ಕೆ ಕಾರ್ಡು 2 ಸೆಕೆಂಡಿನಲ್ಲಿ ಉತ್ತರಿಸದಿದ್ದರೆ ಡ್ರೈವರನ್ನು ಕೆಡವಿ ಮತ್ತೆ ಎಬ್ಬಿಸುತ್ತದೆ. ಇವೆಂಟ್ ವ್ಯೂವರ್ ತೆರೆದರೆ 4101 ಎಂಬ ಸಂಖ್ಯೆಯೊಂದಿಗೆ ಅದರ ದಾಖಲೆ ಸಿಗುತ್ತದೆ. ಪರದೆ ಸತ್ತು, ಕಾರ್ಡಿನ ಫ್ಯಾನುಗಳು ಒಮ್ಮೆಲೇ ಪೂರ್ತಿ ವೇಗದಲ್ಲಿ ಕಿರುಚತೊಡಗಿದರೆ ಮಾತು ಬೇರೆ. ಆಗ ಕಾರ್ಡಿಗೆ ತನ್ನ ಮೇಲೆಯೇ ಹಿಡಿತ ತಪ್ಪಿದೆ. ವಿದ್ಯುತ್ ಕೇಬಲ್ ಸಡಿಲವಿರಬಹುದು, ಕಾರ್ಡು ಸ್ಲಾಟಿನಲ್ಲಿ ಪೂರ್ತಿ ಕೂತಿರಲಿಕ್ಕಿಲ್ಲ, ಬಿಸಿ ಮಿತಿ ಮೀರಿರಬಹುದು, ಕಾರ್ಡೇ ಕೆಟ್ಟಿರಲೂಬಹುದು. ಇಡೀ ಕಂಪ್ಯೂಟರ್ ದಬಕ್ಕನೆ ಆರಿದರೆ ಅಥವಾ ರೀಸ್ಟಾರ್ಟ್ ಆದರೆ ಎಸ್‌ಎಂಪಿಎಸ್ ಮತ್ತು ಯುಪಿಎಸ್ ಮೇಲೆ ಮೊದಲ ಕಣ್ಣು. ಆಗ ಇವೆಂಟ್ ವ್ಯೂವರ್‌ನಲ್ಲಿ ಕಾಣುವ ‘ಕರ್ನೆಲ್ ಪವರ್ 41’ ನೋಡಿ ರೋಗ ಸಿಕ್ಕಿತೆಂದು ಅನೇಕರು ಭಾವಿಸುತ್ತಾರೆ. ಅದು ಹೇಳುವುದು, ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂದಷ್ಟೇ. ಏಕೆ ಎಂದು ಅದಕ್ಕೂ ತಿಳಿಯದು.

ಕೇಬಲಿನ ಬಗ್ಗೆ ಇನ್ನೆರಡು ಮಾತು ಬೇಕು, ಏಕೆಂದರೆ ಅದನ್ನು ಯಾರೂ ಶಂಕಿಸುವುದಿಲ್ಲ. ಹೊಸ ಕಾರ್ಡು ತಂದವರು ಜೊತೆಗೆ ಹೊಸ ಮಾನಿಟರನ್ನೂ ತಂದಿರುತ್ತಾರೆ, ಹಳೆಯ ಕೇಬಲನ್ನೇ ಹಚ್ಚಿರುತ್ತಾರೆ. 1920×1080ರ ಚಿತ್ರ ಸೆಕೆಂಡಿಗೆ 60 ಸಲ ಹೋಗುತ್ತಿದ್ದ ದಾರಿಯಲ್ಲಿ ಈಗ 2560×1440ರ ಚಿತ್ರ 165 ಸಲ ಹೋಗಬೇಕು. ಗುಣಿಸಿ ನೋಡಿ, ಸುಮಾರು ಐದು ಪಟ್ಟು. ಡೆಸ್ಕ್‌ಟಾಪ್ 60 ಹರ್ಟ್ಸ್‌ನಲ್ಲೇ ಇದ್ದು, ಆಟ ಶುರುವಾದಾಗ ಮಾತ್ರ ಮಾನಿಟರ್ ಮೇಲಿನ ವೇಗಕ್ಕೆ ಜಿಗಿಯುವ ಏರ್ಪಾಡಿದ್ದರೆ, ದುರ್ಬಲ ಕೇಬಲಿನ ಬಣ್ಣ ಬಯಲಾಗುವುದು ಆಗಲೇ. ಪರೀಕ್ಷೆ ಸುಲಭ: ಆಟದ ಸೆಟ್ಟಿಂಗ್ ಹಾಗೇ ಇಟ್ಟು ಮಾನಿಟರಿನ ರಿಫ್ರೆಶ್ ದರವನ್ನು 60ಕ್ಕೆ ಇಳಿಸಿ, ಜಿ-ಸಿಂಕ್ ಅಥವಾ ಫ್ರೀಸಿಂಕ್ ಆರಿಸಿ ಆಡುವುದು. ಕತ್ತಲು ಹೋದರೆ ಕಾರ್ಡನ್ನು ಬಯ್ಯುವ ಮುನ್ನ ಕೇಬಲ್ ಬದಲಿಸಿ. ಡಿಸ್‌ಪ್ಲೇ ಪೋರ್ಟ್ ಕೇಬಲಿನಲ್ಲಿ ಇನ್ನೊಂದು ಅಪಾಯವಿದೆ. ಅದರ 20ನೇ ಪಿನ್ನು ವಿದ್ಯುತ್ತಿನದು. ಮಾನದಂಡದ ಪ್ರಕಾರ ಕಾರ್ಡಿಗೂ ಮಾನಿಟರಿಗೂ ನಡುವಿನ ಸಾಮಾನ್ಯ ಕೇಬಲಿನಲ್ಲಿ ಅದಕ್ಕೆ ತಂತಿ ಇರಕೂಡದು. ಅಗ್ಗದ ಕೆಲವು ಕೇಬಲುಗಳಲ್ಲಿ ಇರುತ್ತದೆ. ಮಾನಿಟರಿನಿಂದ ಕಾರ್ಡಿಗೆ ಹೀಗೆ ಹಿಂಬಾಗಿಲಿನಿಂದ ವಿದ್ಯುತ್ ನುಗ್ಗಿದಾಗ ಕಾಣುವ ತೊಂದರೆಗಳು ಎಂಥ ಅನುಭವಿಯನ್ನೂ ಗೊಂದಲಕ್ಕೆ ಕೆಡವುತ್ತವೆ. ಆ ಮಾನದಂಡ ರೂಪಿಸಿದ ವೆಸಾ ಸಂಸ್ಥೆ ಪ್ರಮಾಣೀಕರಿಸಿದ ಕೇಬಲಿಗೆ ಕೊಡುವ ಹೆಚ್ಚಿನ ಹಣ ದಂಡವಲ್ಲ.

ಡ್ರೈವರ್ ತಪ್ಪೇ ಆಗಿರುವ ಕಾಲವೂ ಉಂಟು. 2019ರ ಜುಲೈನಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 5700 ಕೊಂಡವರು ತಿಂಗಳುಗಟ್ಟಲೆ ಕಪ್ಪು ಪರದೆಯೊಂದಿಗೆ ಹೆಣಗಿದರು. 2020ರ ಫೆಬ್ರವರಿಯ 20.2.2 ಡ್ರೈವರ್ ಬಂದ ಮೇಲೆ ಅನೇಕರಿಗೆ ಬಿಡುಗಡೆ ಸಿಕ್ಕಿತು. 2025ರ ಆರಂಭದಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 50 ಸರಣಿಯಲ್ಲೂ ಇದೇ ಕಥೆ ಮರುಕಳಿಸಿ, ಒಂದರ ಹಿಂದೊಂದು ಡ್ರೈವರ್ ತಿದ್ದುಪಡಿಗಳು ಬಂದವು. ಹಾಗಾಗಿ ಹಳೆಯ ಕಾರ್ಡಿನ ಡ್ರೈವರನ್ನು ಸೇಫ್ ಮೋಡ್‌ನಲ್ಲಿ ಡಿಡಿಯು ಎಂಬ ತಂತ್ರಾಂಶದಿಂದ ಬುಡಸಮೇತ ತೆಗೆದು ಹೊಸದನ್ನು ಹಾಕುವುದು ಒಳ್ಳೆಯದು. ಅತಿ ಹೊಸ ಡ್ರೈವರಿನಲ್ಲೇ ತೊಂದರೆ ಶುರುವಾಗಿದ್ದರೆ ಹಿಂದಿನದಕ್ಕೆ ಮರಳಿ ನೋಡಬೇಕು. ಇದನ್ನು ಒಂದೆರಡು ಸಲ ಮಾಡಿದರೆ ಸಾಕು. ವಾರಗಟ್ಟಲೆ ಡ್ರೈವರ್ ಬದಲಿಸುತ್ತ ಕೂರುವುದರಲ್ಲಿ ಹುರುಳಿಲ್ಲ, ಅಷ್ಟರಲ್ಲಿ ಅಂಗಡಿಯ ಬದಲಿ ಕೊಡುವ ಅವಧಿ ಮುಗಿದಿರುತ್ತದೆ.

ರೋಗ ಒಂದೆಡೆ, ನೋವು ಇನ್ನೊಂದೆಡೆ ಎನ್ನುವುದಕ್ಕೆ ಇಂಟೆಲ್ ಪ್ರಕರಣಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅದರ 13 ಮತ್ತು 14ನೇ ಪೀಳಿಗೆಯ ಮೇಲ್ದರ್ಜೆಯ ಪ್ರೊಸೆಸರುಗಳಿದ್ದ ಕಂಪ್ಯೂಟರುಗಳಲ್ಲಿ ಆಟಗಳು ಕುಸಿದು ಬೀಳುತ್ತಿದ್ದವು. ಪರದೆಯ ಮೇಲೆ ಬರುತ್ತಿದ್ದ ಸಂದೇಶ: ಗ್ರಾಫಿಕ್ಸ್ ಮೆಮೊರಿ ಸಾಲುತ್ತಿಲ್ಲ. ಜನ ಕಾರ್ಡನ್ನು ದೂರಿದರು, ಬದಲಿಸಿದವರೂ ಇದ್ದರು. ತಪ್ಪಿದ್ದದ್ದು ಪ್ರೊಸೆಸರಿನಲ್ಲಿ. ಅದು ಬೇಕಾದದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದೆ ಎಂದು 2024ರ ಜುಲೈನಲ್ಲಿ ಇಂಟೆಲ್ ಒಪ್ಪಿಕೊಂಡಿತು, ಆಗಸ್ಟ್‌ನಲ್ಲಿ ಮೈಕ್ರೊಕೋಡ್ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆ ಪ್ರೊಸೆಸರ್ ನಿಮ್ಮಲ್ಲಿದ್ದರೆ ಮದರ್‌ಬೋರ್ಡಿನ ಬಯಾಸ್ ಹೊಸದಾಗಿದೆಯೇ ಎಂದು ಇಂದೇ ನೋಡಿ. ಹಾಗೆಯೇ ರ್‍ಯಾಮಿನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಸೆಟ್ಟಿಂಗ್ ಆರಿಸಿ ಒಂದು ಸಂಜೆ ಆಡಿ. ಹಳೆಯ ಕಾರ್ಡು ನಿಧಾನವಿದ್ದಾಗ ಮುಚ್ಚಿಹೋಗಿದ್ದ ರ್‍ಯಾಮಿನ ದೌರ್ಬಲ್ಯ ಹೊಸ ಕಾರ್ಡಿನ ವೇಗಕ್ಕೆ ಹೊರಬರುವುದುಂಟು.

ಬಿಸಿಯ ವಿಚಾರ ಬೇಗ ಮುಗಿಸಬಹುದು. ಕಲಬುರಗಿ, ರಾಯಚೂರುಗಳ ಏಪ್ರಿಲ್ ಬಿಸಿಲಿಗೆ ಕೋಣೆಯೇ ಕಾದಿರುವಾಗ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದಿಟ್ಟು ಆಡಿದರೆ ವ್ಯತ್ಯಾಸ ತಿಳಿದುಬಿಡುತ್ತದೆ. ಇಂದಿನ ಕಾರ್ಡುಗಳು ಬಿಸಿ ಏರಿದಾಗ ಮೊದಲು ವೇಗ ತಗ್ಗಿಸುತ್ತವೆ, ನೇರವಾಗಿ ಕಪ್ಪಾಗುವುದು ಅಪರೂಪ.

ಆದರೆ ಒಂದು ಸಂದರ್ಭದಲ್ಲಿ ಮಾತ್ರ ಯಾವ ಪರೀಕ್ಷೆಯನ್ನೂ ಮಾಡದೆ ತಕ್ಷಣ ನಿಲ್ಲಿಸಬೇಕು. 2022ರ ಅಕ್ಟೋಬರ್‌ನಲ್ಲಿ ಆರ್‌ಟಿಎಕ್ಸ್ 4090 ಬಂದಾಗ ಅದರೊಂದಿಗೆ ಬಂದದ್ದು 600 ವ್ಯಾಟ್‌ವರೆಗೆ ಸಾಗಿಸಬಲ್ಲ, ಬೆರಳಗಲದ ಹೊಸ ಕನೆಕ್ಟರ್. 12 ವೋಲ್ಟಿನಲ್ಲಿ 600 ವ್ಯಾಟ್ ಎಂದರೆ 50 ಆಂಪಿಯರ್. ಆರು ತಂತಿಗಳು ಅದನ್ನು ಹಂಚಿಕೊಂಡರೆ ಒಂದೊಂದಕ್ಕೆ ಎಂಟಕ್ಕೂ ಮಿಕ್ಕಿ. ತಿಂಗಳೊಳಗೆ ಕನೆಕ್ಟರ್ ಕರಗಿದ ಚಿತ್ರಗಳು ಬಂದವು. ನವೆಂಬರ್‌ನಲ್ಲಿ ಎನ್‌ವಿಡಿಯಾ ಜಗತ್ತಿನಾದ್ಯಂತ ಸುಮಾರು 50 ಪ್ರಕರಣಗಳು ತನಗೆ ತಿಳಿದಿವೆ ಎಂದಿತು. ಕನೆಕ್ಟರ್ ಪೂರ್ತಿ ಒಳಗೆ ಕೂರದಿರುವುದೇ ಅವುಗಳಲ್ಲಿ ಕಂಡ ಸಾಮಾನ್ಯ ದೋಷ ಎಂದೂ ಹೇಳಿತು. ಅರೆಬರೆ ಸಿಕ್ಕಿಸಿದ್ದರೂ ಕೆಲಸ ಮಾಡುವಂಥ ಕನೆಕ್ಟರನ್ನು ಮನೆಬಳಕೆಯ ವಸ್ತುವಿಗೆ ಕೊಟ್ಟದ್ದು ಬಳಕೆದಾರನ ತಪ್ಪಲ್ಲ, ವಿನ್ಯಾಸದ ತಪ್ಪು ಎಂದೇ ನನ್ನ ಅಭಿಪ್ರಾಯ. ಮುಂದಿನ ವರ್ಷ ಬಂದ ಪರಿಷ್ಕೃತ ರೂಪದಲ್ಲಿ ಸಂಕೇತದ ನಾಲ್ಕು ಪುಟ್ಟ ಪಿನ್ನುಗಳನ್ನು ಮೊಟಕುಗೊಳಿಸಿದ್ದಾರೆ. ಪೂರ್ತಿ ಕೂರದಿದ್ದರೆ ಕಾರ್ಡು ಏಳುವುದೇ ಇಲ್ಲ ಎಂಬುದು ಅದರ ಉದ್ದೇಶ. ನಿಮ್ಮ ಕಾರ್ಡಿನಲ್ಲಿ ಈ ಕನೆಕ್ಟರ್ ಇದ್ದು ಪರದೆ ಕಪ್ಪಾಗುತ್ತಿದ್ದರೆ, ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಅದನ್ನು ಹೊರತೆಗೆದು ನೋಡಿ. ಕಂದು ಬಣ್ಣ, ಪ್ಲಾಸ್ಟಿಕ್ ಸುಟ್ಟ ವಾಸನೆ ಇದ್ದರೆ ಮತ್ತೆ ಹಚ್ಚಬೇಡಿ.

ಹಾಗೇನೂ ಇಲ್ಲದಿದ್ದರೆ, ಕೊನೆಗೆ ಉಳಿಯುವ ಪ್ರಶ್ನೆ ಕಾರ್ಡೇ ಕೆಟ್ಟದ್ದೇ ಎಂಬುದು. ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ತಂತ್ರಾಂಶದಲ್ಲಿ ಪವರ್ ಮಿತಿಯನ್ನು 70–80 ಪ್ರತಿಶತಕ್ಕೆ ಇಳಿಸಿ ಅದೇ ಆಟವನ್ನು ಆಡಿ. ಕತ್ತಲು ನಿಂತರೆ ವಿದ್ಯುತ್ತಿನ ದಾರಿಯಲ್ಲೇ ಹುಡುಕಬೇಕು. ಮಿತಿ ಹಾಗೇ ಬಿಟ್ಟು ವೇಗವನ್ನು ಮಾತ್ರ 100 ಮೆಗಾಹರ್ಟ್ಸ್ ತಗ್ಗಿಸಿದಾಗ ನಿಂತರೆ, ಚಿಪ್ಪು ತನಗೆ ಕಂಪನಿ ಕೊಟ್ಟ ವೇಗವನ್ನು ತಾಳುತ್ತಿಲ್ಲ ಎಂದಾಯಿತು. ಅಂಥ ಕಾರ್ಡನ್ನು ವೇಗ ತಗ್ಗಿಸಿ ಬಳಸಿಕೊಳ್ಳಿ ಎಂದು ಸಲಹೆ ಕೊಡುವವರಿದ್ದಾರೆ. ಒಪ್ಪಬೇಡಿ. ಪೂರ್ತಿ ವೇಗಕ್ಕೆ ಹಣ ಕೊಟ್ಟಿದ್ದೀರಿ. ಗೆಳೆಯರ ಮನೆಯ ಇನ್ನೊಂದು ಕಂಪ್ಯೂಟರಿನಲ್ಲಿ, ಅಲ್ಲಿನ ಎಸ್‌ಎಂಪಿಎಸ್ ಮತ್ತು ಕೇಬಲಿನೊಂದಿಗೆ, ಅದೇ ಆಟದಲ್ಲಿ ಅದೇ ಕತ್ತಲು ಬಂದರೆ ಇನ್ನು ವಾದಕ್ಕೆ ಜಾಗವಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಬಲ್, ಡ್ರೈವರ್, ಎಸ್‌ಎಂಪಿಎಸ್ ಮೂರನ್ನೂ ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ, ಮತ್ತೆ ಬಂದಾಗ ಮೊದಲಿನಿಂದ ಶುರು.

ಎನ್‌ವಿಡಿಯಾ, ಎಎಂಡಿ, ಇಂಟೆಲ್ ಮೂರಕ್ಕೂ ಬೆಂಗಳೂರಿನಲ್ಲಿ ದೊಡ್ಡ ವಿನ್ಯಾಸ ಕೇಂದ್ರಗಳಿವೆ. 2023ರ ನವೆಂಬರ್‌ನಲ್ಲಿ ಎಎಂಡಿ ಇಲ್ಲಿ ತೆರೆದದ್ದು ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನೇ. ಚಿಪ್ಪಿನ ಬುದ್ಧಿಯಲ್ಲಿ ನಮ್ಮ ಪಾಲು ಇಷ್ಟಿರುವಾಗ, ಬೀದರಿನಲ್ಲೋ ಚಾಮರಾಜನಗರದಲ್ಲೋ ಕೂತ ಗ್ರಾಹಕ ಕೆಟ್ಟ ಕಾರ್ಡನ್ನು ಕೊರಿಯರ್ ಮಾಡಿ ವಾರಗಟ್ಟಲೆ ಕಾದು ‘ದೋಷ ಕಂಡುಬಂದಿಲ್ಲ’ ಎಂಬ ಚೀಟಿಯೊಂದಿಗೆ ವಾಪಸ್ ಪಡೆಯುವುದು ನನಗೆ ಸಹಿಸಲಾಗದ ಸಂಗತಿ. ಅದಕ್ಕೇ ಕಾರ್ಡು ಕಳಿಸುವಾಗ ಪೆಟ್ಟಿಗೆಯಲ್ಲಿ ಒಂದು ಹಾಳೆ ಇಡಿ: ಯಾವ ಆಟ, ಎಷ್ಟು ಹೊತ್ತಿಗೆ, ಸದ್ದು ಇತ್ತೋ ಇಲ್ಲವೋ, ಫ್ಯಾನು ಏನು ಮಾಡಿತು, ಯಾವ ಎಸ್‌ಎಂಪಿಎಸ್, ಎರಡನೇ ಕಂಪ್ಯೂಟರಿನಲ್ಲಿ ಏನಾಯಿತು. ಫರ್‌ಮಾರ್ಕ್ ಅಲ್ಲ, ಆಟವನ್ನೇ ಓಡಿಸಿ ನೋಡಿ ಎಂದು ಅದರಲ್ಲಿ ಬರೆಯಿರಿ. ಫೋನಿನಲ್ಲಿ ತೆಗೆದ ವಿಡಿಯೊ, ಬಿಲ್ಲು, ಸೀರಿಯಲ್ ಸಂಖ್ಯೆಯ ಚಿತ್ರ ನಿಮ್ಮ ಬಳಿ ಇರಲಿ. ಸ್ಕ್ರೂ ಬಿಚ್ಚಿ ಕೂಲರ್ ತೆಗೆಯಬೇಡಿ, ಅದೇ ವಾರಂಟಿ ನಿರಾಕರಣೆಗೆ ನೆಪವಾದೀತು. ಅಷ್ಟಾದರೂ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸರಕನ್ನು ಎಲ್ಲಿ ಕೊಂಡಿದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಲು ಅವಕಾಶವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವೂ ಇಲ್ಲ.